ತಾಂಡಾದ ಬೇವಿನ ನೆರಳಲ್ಲಿ ಸೂಜಿ-ದಾರದ ಶಾಲೆ

ಲಿಂಗಸುಗೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೆ ನೋಡನೋಡುತ್ತಿದ್ದಂತೆಯೇ ಸೀಮೆ ಬದಲಾಗುತ್ತದೆ. ಈಚೆ ತೊಗರಿ, ಸಜ್ಜೆ ಬೆಳೆಯುವ ಮಳೆ ನಂಬಿದ ಹೊಲ, ಕಲ್ಲುಗುಡ್ಡ. ಆಚೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆ. ನಡುವೆ ಮಸ್ಕಿಯ ಬಂಡೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನಿಗೆ ಸಿಕ್ಕ ಶಾಸನ ಇರುವುದು ಅಲ್ಲಿಯೇ. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂದು ಗಟ್ಟಿಯಾಗಿ ಹೇಳಿದ ಕಲ್ಲು ಅದು. ಅದನ್ನು ನೋಡಲು ದೂರದೂರದಿಂದ ಪಂಡಿತರು ಬರುತ್ತಾರೆ.

ನಾನು ಹೊರಟಿದ್ದು ಆ ಕಲ್ಲನ್ನು ನೋಡಲಿಕ್ಕಲ್ಲ. ಅದೇ ದಾರಿಯಲ್ಲಿ ಇಳಿದು, ಮಣ್ಣು ಹಾದಿಯಲ್ಲಿ ಒಂದು ಮೈಲು ನಡೆದರೆ ಸಿಗುವ ಒಂದು ಲಂಬಾಣಿ ತಾಂಡಾಕ್ಕೆ. ಅಲ್ಲಿ ನನ್ನ ಬಾಲ್ಯದ ಗೆಳತಿ ಇದ್ದಾಳೆ. ಗೆಳತಿ ಎನ್ನಲು ನನಗೆ ಅಧಿಕಾರ ಉಂಟೋ ಇಲ್ಲವೋ, ಅದನ್ನು ನೀವೇ ಮುಂದೆ ತೀರ್ಮಾನಿಸಿ. "ನನ್ನ ಹೆಸರು, ತಾಂಡಾದ ಹೆಸರು ಬರೀಬ್ಯಾಡ. ಕೆಲಸ ಬರಿ" ಎಂದು ಆಕೆ ಮೊದಲೇ ಕಟ್ಟುಮಾಡಿದ್ದರಿಂದ ಇಲ್ಲಿ ಹೆಸರುಗಳಿಲ್ಲ.

ಅಂದು ನಾನೂ ನಕ್ಕಿದ್ದೆ

ನಾವಿಬ್ಬರೂ ಊರಿನ ಒಂದು ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿ ಕೂಡಿದ್ದೆವು. ಆಕೆ ತಾಂಡಾದಿಂದ ನಡೆದು ಬರುತ್ತಿದ್ದಳು. ಮೊದಲ ದಿನ ಬಂದದ್ದು ತಾಯಿ ಹೊಲಿದ ಫೇಟಿಯಾ, ಕಾಂಚಳಿ ತೊಟ್ಟು. ಫೇಟಿಯಾ ಎಂದರೆ ನೆರಿಗೆಯ ಲಂಗ, ಕಾಂಚಳಿ ಎಂದರೆ ಬೆನ್ನಿಗೆ ಲಾಡಿ ಕಟ್ಟುವ ಕುಪ್ಪಸ. ಕೆಂಪು ಬಟ್ಟೆಯ ಮೇಲೆ ಹಳದಿ, ಹಸಿರು ದಾರ. ಎದೆಯ ತುಂಬ ಕನ್ನಡಿ ಬಿಲ್ಲೆ. ಅಂಚಿಗೆ ಕವಡಿ, ಹಳೆಯ ನಾಣ್ಯ. ಆಕೆ ಕೂತರೆ ಬಿಸಿಲು ಗೋಡೆಯ ಮೇಲೆ ಕುಣಿಯುತ್ತಿತ್ತು.

ಹುಡುಗರು ಆ ಬೆಳಕನ್ನು ಹಿಡಿಯಲು ಓಡಿದರು. ಇಡೀ ವರ್ಗ ನಕ್ಕಿತು. ನಾನೂ ನಕ್ಕೆ. ಮರುದಿನ ಆಕೆ ಯಾರದೋ ಹಳೆಯ ಫ್ರಾಕು ತೊಟ್ಟು ಬಂದಳು. ಕನ್ನಡಿಯ ಬಟ್ಟೆಯನ್ನು ಮತ್ತೆ ತೊಡಲಿಲ್ಲ. ಒಂದೇ ದಿನದ ನಗು ಒಂದು ಹುಡುಗಿಯ ಮೈಮೇಲಿನ ಬಟ್ಟೆಯನ್ನು ಬದಲಿಸಿಬಿಟ್ಟಿತು!

ಇಷ್ಟು ವರ್ಷಗಳ ಮೇಲೆ ಬೇವಿನ ಕಟ್ಟೆಯ ಮೇಲೆ ಕೂತು ಆ ಮಾತು ತೆಗೆದೆ. ಆಕೆ ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಹೇಳಿದಳು: "ನಕ್ಕಿದ್ದು ನೆನಪೈತಿ. ನೀ ನಕ್ಕಿದ್ದೂ ನೆನಪೈತಿ. ಅದಲ್ಲ ಬಿಡು. ಅವತ್ತು ಮನಿಗೆ ಹೋಗಿ ಯಾಡಿಗೆ ಅಂದೆ, ನನಗ ಈ ಕೆಲಸ ಕಲಿಸಬ್ಯಾಡ ಅಂತ. ಆಕಿ ಕಲಿಸಲಿಲ್ಲ. ಅದು ನೋಡು ನನಗ ಕಡೀತನಕ ಉಳಿದದ್ದು."

ಯಾಡಿ ಎಂದರೆ ಲಂಬಾಣಿ ಮಾತಿನಲ್ಲಿ ತಾಯಿ.

ನಡುವಿನ ತಲೆಮಾರು

ಗೆಳತಿ ಓದಿದಳು, ಅಂಗನವಾಡಿಯಲ್ಲಿ ಕೆಲಸ ಮಾಡಿದಳು, ನಿವೃತ್ತಿಯೂ ಆದಳು. ತಾಯಿ ತೀರಿಕೊಂಡ ಮೇಲೆ ಟ್ರಂಕು ತೆಗೆದರೆ ತಳದಲ್ಲಿ ಒಂದು ಫೇಟಿಯಾ. ತಾಯಿಯ ಮದುವೆಯದು. ಕೈಯಲ್ಲಿ ಹಿಡಿದರೆ ಒಂದು ಹೊಲಿಗೆಯ ಹೆಸರೂ ಗೊತ್ತಿಲ್ಲ! ಆ ಹೊತ್ತಿಗೆ ತಾಂಡಾದಲ್ಲಿ ಎಲ್ಲ ಹೊಲಿಗೆ ಬಲ್ಲವಳು ಒಬ್ಬಳೇ ಮುದುಕಿ ಉಳಿದಿದ್ದಳು. ಗೆಳತಿ ಆಕೆಯ ಮನೆಯ ಪಡಸಾಲೆಗೆ ಹೋಗಿ ಕೂತಳು. "ಐವತ್ತೈದು ವರ್ಷದ ಮ್ಯಾಲ ಮತ್ತ ಒಂದನೇ ಇಯತ್ತೆ" ಎಂದು ನಗುತ್ತಾಳೆ.

ಅಜ್ಜಿಗೆ ಬರುತ್ತದೆ, ಮಗಳಿಗೆ ಬರುವುದಿಲ್ಲ, ಮೊಮ್ಮಗಳು ಕೇಳುತ್ತಾಳೆ. ಇದು ಈ ಒಂದು ತಾಂಡಾದ ಕತೆ ಮಾತ್ರ ಅಲ್ಲ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಯ ಲಂಬಾಡಿ ಹೆಂಗಸರದೂ ಇದೇ ಪಾಡಾಗಿತ್ತು. ಅಲ್ಲಿ ಕಸೂತಿ ಬಲ್ಲ ಹಿರಿಯ ಹೆಂಗಸರು ಇಬ್ಬರೇ ಉಳಿದಿದ್ದರಂತೆ. ಆದಿವಾಸಿಗಳಿಗಾಗಿ ಆಸ್ಪತ್ರೆ ನಡೆಸುತ್ತಿದ್ದ ಡಾ. ಲಲಿತಾ ರೆಜಿ ಅವರ ಒತ್ತಾಸೆಯಿಂದ ಆ ಇಬ್ಬರೂ ಕಿರಿಯರಿಗೆ ಕಲಿಸಿದರು. 2006ರಲ್ಲಿ 'ಪೊರ್ಗೈ' ಎಂಬ ಸಂಘವಾಯಿತು. ಅವರ ಮಾತಿನಲ್ಲಿ ಪೊರ್ಗೈ ಎಂದರೆ ಹೆಮ್ಮೆ. ಎಂಥ ಒಳ್ಳೆಯ ಹೆಸರು ನೋಡಿ!

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಬಳ್ಳಾರಿ ಜಿಲ್ಲೆಯ ಸಂಡೂರು. ಅಲ್ಲಿನ ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ಲಂಬಾಣಿ ಹೆಂಗಸರ ಕಸೂತಿಗೆ ಕೆಲಸವನ್ನೂ ಕೂಲಿಯನ್ನೂ ಒದಗಿಸಿದೆ. 2010ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸದ 1,755 ತುಣುಕುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನೂ ಬರೆದರು. ಲಿಂಗಸುಗೂರು, ಮಸ್ಕಿ ಸೀಮೆಯ ತಾಂಡಾಗಳ ಕೈಕೆಲಸಕ್ಕೆ ಅಂಥ ಹೆಸರಿಲ್ಲ. ಇಲ್ಲಿ ಉಳಿಯುವುದಿದ್ದರೆ ಅದು ಬೇವಿನ ನೆರಳಲ್ಲಿ, ಹೆಂಗಸರು ಹೆಂಗಸರಿಗೆ ಕಲಿಸಿದಾಗಲೇ.

ಎತ್ತಿನ ಬೆನ್ನ ಮೇಲಿನ ಬದುಕು

ಈ ಬಟ್ಟೆ ಯಾಕೆ ಇಷ್ಟು ಗಟ್ಟಿ, ಇಷ್ಟು ಭಾರ ಎಂದು ನಿಮಗೆ ಅನಿಸಬಹುದು. ಲಂಬಾಣಿಗರು, ಅಂದರೆ ಬಂಜಾರರು, ಒಂದು ಕಾಲಕ್ಕೆ ದೇಶದ ಸರಕು ಸಾಗಿಸಿದವರು. ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಡೆದವರು. ಮೊಗಲರ ದಂಡು ದಖ್ಖಣಕ್ಕೆ ಬಂದಾಗ ಅದಕ್ಕೆ ಕಾಳು-ಕಡಿ ಒದಗಿಸಿದವರೂ ಇವರೇ. ಬಯಲಿನಲ್ಲಿ ಬಾಳುವವರಿಗೆ ಹರಿಯದ ಬಟ್ಟೆ ಬೇಕು. ಗೋಡೆಯಿಲ್ಲದವರಿಗೆ ಮೈಮೇಲಿನ ಬಟ್ಟೆಯೇ ಚಿತ್ತಾರದ ಗೋಡೆ. ಲಂಗ-ಕುಪ್ಪಸ ಮಾತ್ರವಲ್ಲ, ಅಡಿಕೆ ಚೀಲ, ಎತ್ತಿನ ಜೂಲು, ಕೊಡ ಹೊರುವ ಸಿಂಬಿಗೂ ಕಸೂತಿ ಹಾಕಿದರು.

ರೈಲು ಬಂತು, ಎತ್ತಿನ ವ್ಯಾಪಾರ ಬಿತ್ತು. ಅದು ಸಾಲದೆಂಬಂತೆ ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯಿದೆಯ ಕೆಳಗೆ ಬಂಜಾರರ ಹಲವು ಗುಂಪುಗಳನ್ನು ಹುಟ್ಟಾ ಕಳ್ಳರೆಂದು ಬರೆದಿಟ್ಟರು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಇಂದಿಗೂ ಇವರ ಲೆಕ್ಕ ಒಂದೊಂದು ರಾಜ್ಯದಲ್ಲಿ ಒಂದೊಂದು ತೆರ: ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಮಾತು ಮಾತ್ರ ಎಲ್ಲ ಕಡೆ ಒಂದೇ, ಗೋರ್ ಬೋಲಿ. ಅದಕ್ಕೆ ಸ್ವಂತ ಲಿಪಿ ಇಲ್ಲ. ಹೀಗಾಗಿ ನೆನಪಿಡಬೇಕಾದದ್ದೆಲ್ಲ ಹಾಡಿನಲ್ಲಿ, ಹೊಲಿಗೆಯಲ್ಲಿ ಉಳಿದಿದೆ.

ಎಷ್ಟೋ ತಾಂಡಾಗಳು ಮೊನ್ನೆ ಮೊನ್ನೆಯವರೆಗೂ ಕಂದಾಯದ ದಫ್ತರದಲ್ಲಿ ಊರೇ ಆಗಿರಲಿಲ್ಲ. ರಾಯಚೂರು, ಕಲಬುರಗಿ, ಯಾದಗಿರಿ, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಅವರಲ್ಲಿ ಬಹಳ ಜನ ತಾಂಡಾದವರು.

ಅಳುವುದನ್ನೂ ಕಲಿಸಬೇಕು!

ಬೇವಿನ ಶಾಲೆ ಎಲ್ಲ ಕಾಲದಲ್ಲೂ ನಡೆಯುವುದಿಲ್ಲ. ದೀಪಾವಳಿ ಮುಗಿಯಿತೆಂದರೆ ತಾಂಡಾದ ಬಹಳಷ್ಟು ಮನೆಗಳಿಗೆ ಬೀಗ. ಕಬ್ಬು ಕಡಿಯಲು, ಬೆಂಗಳೂರು, ಪುಣೆ, ಗೋವಾಗಳ ಕಟ್ಟಡದ ಕೆಲಸಕ್ಕೆ ಸಂಸಾರ ಸಮೇತ ದುಡಿಯಲು ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಮರಳಿದರೆ ಮುಂಗಾರು ಬೀಳುವವರೆಗೆ ಕೈ ಬಿಡುವು. ಆ ಎರಡು ತಿಂಗಳೇ ಶಾಲೆ. ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಮೂರರ ಮೇಲೆ, ಮುಸುರೆ ತಿಕ್ಕಿ ಮುಗಿಸಿ ಒಬ್ಬೊಬ್ಬರೇ ಬರುತ್ತಾರೆ. ನಾನು ಹೋದ ದಿನ ಒಂಬತ್ತು ಹುಡುಗಿಯರು, ನಾಲ್ಕು ಜನ ಸೊಸೆಯಂದಿರು, ಗೆಳತಿ, ಮತ್ತೆ ಆ ಮುದುಕಿ.

ಮುದುಕಿಗೆ ಈಗ ಕಣ್ಣು ಮಂಜು. ಆದರೂ ಹುಡುಗಿ ಹೊಲಿದ ಬಟ್ಟೆಯನ್ನು ಹಿಂಬದಿಯಿಂದ ಬೆರಳಾಡಿಸಿ, "ಇಲ್ಲಿ ದಾರ ಸಡಿಲ" ಎಂದು ತಪ್ಪು ಹಿಡಿಯುತ್ತಾಳೆ. ಸಂಡೂರಿನವರು ಹದಿನಾಲ್ಕು ಬಗೆಯ ಹೊಲಿಗೆ ಎಣಿಸುತ್ತಾರೆ: ಕಿಲನ್, ವೇಲೆ, ರೇಲೊ ಎಂದು ಮುಂತಾಗಿ. ಈ ಮುದುಕಿ ಎಣಿಸುವುದಿಲ್ಲ. "ಎಣಿಸಿದ್ರ ಬರೂದಿಲ್ಲ, ಹಾಕಿದ್ರ ಬರ್ತೈತಿ" ಎಂಬುದೇ ಆಕೆಯ ಪಾಠ.

ಕೈ ಹೊಲಿಯುತ್ತಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಹಾಡು ಬರುತ್ತದೆ. ಶ್ರಾವಣದ ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಪುಟ್ಟಿಯಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು ಹಾಡುವ ಹಾಡು, ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಮೇರಾ, ಹೋಳಿಯ ಲೇಂಗಿ. ಎಲ್ಲಕ್ಕಿಂತ ನನ್ನ ಮನಸ್ಸು ತಟ್ಟಿದ್ದು ಢಾವ್ಲೊ. ಮದುಮಗಳು ತೌರು ಬಿಡುವಾಗ ಹಾಡಿಕೊಂಡು ಅಳುವ ಹಾಡು ಅದು. ಮದುವೆಗೆ ಮುಂಚೆ ಹಿರಿಯ ಹೆಂಗಸರು ಅದನ್ನು ಹುಡುಗಿಗೆ ಕೂಡಿಸಿಕೊಂಡು ಕಲಿಸುತ್ತಾರೆ. ತಾಯಿಯನ್ನು ಹೇಗೆ ನೆನೆಯಬೇಕು, ಅಣ್ಣನಿಗೆ ಏನು ಹೇಳಬೇಕು, ತಾಂಡಾಕ್ಕೆ ಹೇಗೆ ಹರಸಬೇಕು ಎಂಬುದೆಲ್ಲ ಅದರಲ್ಲಿದೆ. ಅಳುವುದಕ್ಕೂ ಪಾಠವೇ ಎಂದು ನಗಬೇಡಿ. ದುಃಖವನ್ನು ಮಾತಿನಲ್ಲಿ ಹೇಳಲು ಬರದೆ ಒಳಗೊಳಗೇ ಬೆಂದ ಹೆಣ್ಣುಮಕ್ಕಳನ್ನು ನಾವೆಷ್ಟು ಕಂಡಿಲ್ಲ?

"ಈ ಬಿಸಿಲಾಗ ಯಾರು ಉಡ್ತಾರ್ರೀ?"

ಎಲ್ಲರೂ ಒಪ್ಪಿದ್ದಾರೆಂದು ಬರೆದರೆ ಸುಳ್ಳಾದೀತು. ಕಟ್ಟೆಯ ತುದಿಯಲ್ಲಿ ಕೂತಿದ್ದ ಒಬ್ಬ ಸೊಸೆ ನೇರವಾಗಿ ಕೇಳಿದಳು: "ನೀವು ಊರಿಂದ ಬಂದು ಚಂದ ಐತಿ ಅಂತೀರಿ. ಆ ಫೇಟಿಯಾ ಎಷ್ಟು ಭಾರ ಗೊತ್ತೇನ್ರೀ? ಈ ಬಿಸಿಲಾಗ ಯಾರು ಉಡ್ತಾರ್ರೀ? ಅದನ್ನ ಉಟ್ಟು ಪುಣೇದಾಗ ಕೆಲಸಕ್ಕ ಹೋದ್ರ ಜನ ನಮ್ಮನ್ನ ಹೆಂಗ ನೋಡ್ತಾರ ಗೊತ್ತೇನ್ರೀ? ನನ್ನ ಮಗಳಿಗೆ ಅದು ಬ್ಯಾಡ."

ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಇಳಕಲ್ ಸೀರೆ ಉಟ್ಟು ಫ್ಯಾನಿನ ಕೆಳಗೆ ಕೂರುವವಳು. ಉತ್ತರ ಕೊಟ್ಟವಳು ಗೆಳತಿ.

"ಉಡಬ್ಯಾಡ ಬಿಡವ್ವ, ಯಾರು ಉಡು ಅಂದರು? ಕಲ್ತಿರಲಿ. ಉಡೂದು ಬಿಡೂದು ಆಕೀ ಖುಷಿ. ಬರಲಾರದ್ದಕ್ಕ ಬಿಡೂದು ಬ್ಯಾರೆ, ಬಂದೂ ಬಿಡೂದು ಬ್ಯಾರೆ."

ಈ ಮಾತನ್ನು ನಾನು ಬಸ್ಸಿನುದ್ದಕ್ಕೂ ನೆನೆಯುತ್ತ ಬಂದೆ. ಭಾರ ಹೊರಿಸದೆ ವಿದ್ಯೆ ಉಳಿಸುವುದು ಹೀಗೆಯೇ. ಹುಡುಗಿಯರು ಈಗ ಹೊಲಿಯುವುದು ಫೇಟಿಯಾ ಅಲ್ಲ. ಕೈಚೀಲ, ದಿಂಬಿನ ಗವಸು, ಚೂಡಿದಾರದ ಕೊರಳಪಟ್ಟಿ, ಮೊಬೈಲಿನ ಚೀಲ. ಹೊಲಿಗೆ ಮಾತ್ರ ಅದೇ.

ಹಳೆಯದು ಹೇಗೆ ಕಳೆಯುತ್ತದೆ ಎಂಬುದನ್ನೂ ಅಲ್ಲೇ ಕಂಡೆ. ಹಳೆ ಬಟ್ಟೆ ಕೊಳ್ಳುವ ವ್ಯಾಪಾರಿಗಳು ತಾಂಡಾಗಳಿಗೆ ಬರುತ್ತಾರೆ. ಫೇಟಿಯಾ ಕೊಂಡು, ಕತ್ತರಿಸಿ, ಚೀಲ-ದಿಂಬು ಮಾಡಿ ಪ್ರವಾಸಿಗರಿಗೆ ಮಾರುತ್ತಾರೆ. ಗೆಳತಿಯ ತಾಯಿಯ ಫೇಟಿಯಾಕ್ಕೂ ಗಿರಾಕಿ ಬಂದಿದ್ದ. ಮೊಮ್ಮಗಳ ನರ್ಸಿಂಗ್ ಓದಿಗೆ ಶುಲ್ಕ ಕಟ್ಟುವ ಕಾಲ, ಕೈಯಲ್ಲಿ ದುಡ್ಡಿಲ್ಲ. ಕೊಟ್ಟೇಬಿಡೋಣ ಎಂದು ಆಕೆ ಮಡಿಚಿಟ್ಟಿದ್ದಳಂತೆ. ಮೊಮ್ಮಗಳೇ ಬೇಡವೆಂದಳು. "ಅಜ್ಜಿ, ನಂದು ಒಂದು ವರ್ಷದ ಫೀಜು. ಅದು ಹೋದ್ರ ನಮಗೆ ನೋಡಿ ಹಾಕಾಕ ಮತ್ತೇನೈತಿ?" ಕೊನೆಗೆ ಸಂಘದಲ್ಲಿ ಸಾಲ ಎತ್ತಿದರು. ಸಾಲ ಇನ್ನೂ ತೀರಿಲ್ಲ. ಫೇಟಿಯಾ ಟ್ರಂಕಿನಲ್ಲಿದೆ, ಶಾಲೆಯ ದಿನ ಹೊರಗೆ ಬರುತ್ತದೆ. ಹುಡುಗಿಯರು ಅದನ್ನು ಚಾಪೆಯ ಮೇಲೆ ಹರಡಿ, ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು, ದೊಡ್ಡದು ಮಾಡಿ ಹೊಲಿಗೆ ಎಣಿಸುತ್ತಾರೆ. ಅದೇ ಅವರ ಪಠ್ಯಪುಸ್ತಕ.

ಹಳೆ ಸೀರೆಯ ಮಕ್ಕಳು

ಇದು ಲಂಬಾಣಿಗರ ಮಾತಷ್ಟೇ ಎಂದು ನಾವು ಸುಮ್ಮನಿರಬೇಕಾಗಿಲ್ಲ. ನಮ್ಮ ಕಡೆಯ ಕೌದಿ ನೋಡಿ. ಹಳೆಯ ಸೀರೆ, ಧೋತರ ಪದರ ಪದರ ಹಾಸಿ, ಮೇಲೆ ಚಿಂದಿ ಜೋಡಿಸಿ, ನಾಲ್ಕಾರು ಹೆಂಗಸರು ಸುತ್ತ ಕೂತು ಹೊಲಿಯುವ ಕೆಲಸ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಅದನ್ನೇ ಕವಂದ ಎನ್ನುತ್ತಾರೆ. ನಾಲ್ಕು ಮೂಲೆಗೆ 'ಫೂಲ' ಎಂಬ ಹೂ ಇಡದೆ ಅವರ ಕವಂದ ಮುಗಿಯುವುದಿಲ್ಲ. 1970ರ ಆಸುಪಾಸಿನಲ್ಲಿ ಪೂರ್ವ ಬಂಗಾಳದಿಂದ ಬಂದು ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆನಿಂತ ನಿರಾಶ್ರಿತರ ಸೀಮೆಯಲ್ಲೂ ಇಂಥದೇ ಉಂಟು, ಅದರ ಹೆಸರು ಕಾಂಥಾ. ಎಲ್ಲವೂ ಹಳೆ ಸೀರೆಯ ಮಕ್ಕಳೇ. ಪ್ಯಾಲೆಸ್ಟೀನಿನ ಹೆಂಗಸರು ಒಬ್ಬರ ಮನೆಯಲ್ಲಿ ಒಬ್ಬರು ಕೂಡಿ, ಹೆಣ್ಣುಮಕ್ಕಳನ್ನು ಪಕ್ಕ ಕೂಡಿಸಿಕೊಂಡು ಹಾಕುವ ಕಸೂತಿಯನ್ನು ಯುನೆಸ್ಕೊ 2021ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಂಗಸರು ಕೂತಲ್ಲಿ ಶಾಲೆ, ನೋಡಿ!

ನೀವೂ ಹಾಕಿ ನೋಡಿ: ಕನ್ನಡಿ ಬಿಲ್ಲೆ

ಬೇಕಾಗುವುದು: ಗಟ್ಟಿಯಾದ ಹತ್ತಿ ಬಟ್ಟೆ, ಎಂಬ್ರಾಯಿಡರಿ ದಾರ, ಉದ್ದ ಕಣ್ಣಿನ ಸೂಜಿ, ಅಂಚು ಮೊಂಡಾದ ಸಣ್ಣ ಕನ್ನಡಿ ಬಿಲ್ಲೆ.

1. ಬಿಲ್ಲೆಯನ್ನು ಬಟ್ಟೆಯ ಮೇಲಿಟ್ಟು ಎಡಗೈ ಹೆಬ್ಬೆರಳಿನಿಂದ ಅದುಮಿ ಹಿಡಿಯಿರಿ. ಗೋಂದು ಬೇಡ.

2. ದಾರವನ್ನು ಬಿಲ್ಲೆಯ ಮೇಲೆ ಅಡ್ಡಕ್ಕೆ ಎರಡು ಸಲ ಎಳೆಯಿರಿ. ಒಂದು ಮೇಲಂಚಿನ ಹತ್ತಿರ, ಒಂದು ಕೆಳಂಚಿನ ಹತ್ತಿರ.

3. ಈಗ ಉದ್ದಕ್ಕೆ ಎರಡು ಸಲ ಎಳೆಯಿರಿ. ಅಡ್ಡ ದಾರವನ್ನು ದಾಟುವಾಗ ಅದಕ್ಕೊಂದು ಸುತ್ತು ಹಾಕಿ ಬಿಗಿ ಮಾಡಿ. ನಡುವೆ ಚೌಕಟ್ಟು ಮೂಡುತ್ತದೆ. ಇಲ್ಲಿ ದಾರ ಸಡಿಲಾದರೆ ಬಿಲ್ಲೆ ನಿಲ್ಲದು.

4. ಸೂಜಿಯನ್ನು ಬಿಲ್ಲೆಯ ಅಂಚಿನಲ್ಲಿ ಮೇಲಕ್ಕೆ ತಂದು, ಚೌಕಟ್ಟಿನ ದಾರದ ಒಳಗೆ ತೂರಿಸಿ, ಕಾಜಾ ಹೊಲಿಗೆಯಂತೆ ಕುಣಿಕೆ ಹಾಕಿ. ಅಂಚಿನ ಬಟ್ಟೆಯಲ್ಲಿ ಒಂದು ಸಣ್ಣ ಹೊಲಿಗೆ, ಮತ್ತೆ ಚೌಕಟ್ಟಿಗೆ ಒಂದು ಕುಣಿಕೆ. ಹೀಗೇ ಸುತ್ತು ಬನ್ನಿ.

5. ಸುತ್ತು ಮುಗಿದಾಗ ಚೌಕಟ್ಟು ದುಂಡಗಾಗಿ ಅಂಚಿಗೆ ಸರಿದಿರುತ್ತದೆ, ಕನ್ನಡಿ ಕಣ್ಣು ಬಿಟ್ಟಿರುತ್ತದೆ. ಹಿಂಬದಿಗೆ ಗಂಟು ಹಾಕಿ.

ಒಗೆಯುವಾಗ ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಹಿಂಡಬಾರದು, ಕಲ್ಲಿಗೆ ಬಡಿಯಬಾರದು. ತಿರುವು ಹಾಕಿ ನೆರಳಿನಲ್ಲಿ ಒಣಗಿಸಿ. ಎತ್ತಿಡುವಾಗ ಕನ್ನಡಿಯ ಮೇಲೆ ಮಡಿಕೆ ಬೀಳದಂತೆ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಒಂದು ಮಾತು. ಸಂತೆಯಲ್ಲೋ ಮೇಳದಲ್ಲೋ ಇಂಥ ಚೀಲ ಕೊಳ್ಳುವಾಗ ಒಳಗು ತಿರುವಿ ನೋಡಿ. ಬಿಲ್ಲೆಯನ್ನು ಅಂಟಿಸಿದ್ದಾರೋ ಹೊಲಿದಿದ್ದಾರೋ ತಿಳಿಯುತ್ತದೆ. ಹೊಲಿದದ್ದಾದರೆ, ಒಂದು ಬಿಲ್ಲೆಗೆ ನಿಮಗೆ ಎಷ್ಟು ಹೊತ್ತು ಹಿಡಿಯಿತೆಂದು ನೆನೆಸಿಕೊಂಡು ಆಮೇಲೆ ಚೌಕಾಸಿ ಮಾಡಿ. ನಿಮಗೇ ಮನಸ್ಸು ಬಾರದು.

ಕೊನೆಗೆ ನನ್ನ ಪಾಡೂ ಹೇಳಿಬಿಡುತ್ತೇನೆ. ಹೊರಡುವ ಮುಂಚೆ ಗೆಳತಿ ನನ್ನ ಕೈಗೂ ಒಂದು ತುಂಡು ಬಟ್ಟೆ, ಒಂದು ಬಿಲ್ಲೆ ಕೊಟ್ಟಳು. ಮುಕ್ಕಾಲು ತಾಸು ಬೆವರಿ ಒಂದು ಕನ್ನಡಿ ಹಾಕಿದೆ. ಪಕ್ಕದಲ್ಲಿದ್ದ ಐದನೆಯ ಇಯತ್ತೆಯ ಹುಡುಗಿ ಅದನ್ನು ಇಸಿದುಕೊಂಡು ನೋಡಿ, ನಗು ತಡೆದುಕೊಂಡು, "ಅಜ್ಜಿ, ಸೊಟ್ಟ ಆಗೈತ್ರಿ" ಎಂದಳು. ಗೆಳತಿ ಆಕೆಯ ಕೈಮೇಲೆ ಮೆಲ್ಲಗೆ ತಟ್ಟಿದಳು. "ನಗಬಾರದವ್ವ. ಬಿಚ್ಚಿ ಮತ್ತ ಹಾಕಾಕ ತೋರಿಸು."

ಹುಡುಗಿ ದಾರ ಬಿಚ್ಚಿ ಕೊಟ್ಟಳು. ನಾನು ಮತ್ತೆ ಹಾಕತೊಡಗಿದೆ. ಐದೂವರೆಯ ಬಸ್ಸು ತಪ್ಪಿತು.